ಗುಡ್ಡ ಬೋಳಾಗಿಲ್ಲ ಸ್ವಾಮಿ

ಕಡೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮುಳ್ಳಯ್ಯನಗಿರಿಯ ಬೋಳು ಗುಡ್ಡ ನೋಡಿ ಹೊಟ್ಟೆ ಉರಿಯಿತು. ಈ ವನಮಹೋತ್ಸವಕ್ಕೆ ಶಾಲೆ ಮಕ್ಕಳಿಂದ 5,000 ಸಸಿ ನೆಡಿಸಿದರೆ ವೇದಾವತಿ ನದಿಗೆ ನೀರು ಹೆಚ್ಚದೇ?’

ನಿಮ್ಮ ಮನಸ್ಸು ದೊಡ್ಡದು. ಕಡಿದ ಕಾಡನ್ನು ಮತ್ತೆ ಬೆಳೆಸಬೇಕೆಂಬುದಕ್ಕೆ ನಮ್ಮ ತಕರಾರೂ ಇಲ್ಲ. ಆದರೆ ಗಿರಿಯ ನೆತ್ತಿಯದು ಹುಲ್ಲಿನ ಸೀಮೆ. ಗಾಳಿ ಜೋರು, ಮಣ್ಣು ತೆಳು, ಎಷ್ಟೋ ಕಡೆ ಗೇಣುದ್ದ ಅಗೆದರೆ ಕಲ್ಲು. ಮಣ್ಣೂ ತೇವವೂ ನಿಲ್ಲುವ ಗುಡ್ಡದ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಇಂಥದ್ದೇ ಹುಲ್ಲಿನ ನೆತ್ತಿಯ ನೀಲಗಿರಿ ಬೆಟ್ಟಗಳ ಜೌಗು ಮಣ್ಣನ್ನು ಪರೀಕ್ಷಿಸಿದ ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲೇ ತೋರಿಸಿದ್ದರು: ಸುಮಾರು 20,000 ವರ್ಷಗಳ ಹಿಂದೆ ಅಲ್ಲಿ ಹುಲ್ಲಿನದೇ ಕಾರುಬಾರು. ಯಾರೋ ಕಡಿದು ಬೋಳಿಸಿದ್ದಲ್ಲ.

ಈಗ ನಿಮ್ಮ 5,000 ಸಸಿಯ ಲೆಕ್ಕ. 2 ಮೀಟರ್ ಅಂತರವಿಟ್ಟರೆ 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ ಬೇಕು. ಗುಂಡಿ ಉದ್ದ, ಅಗಲ, ಆಳ ಎಲ್ಲವೂ 45 ಸೆಂ.ಮೀ. ಒಟ್ಟು ಸುಮಾರು 455 ಘನ ಮೀಟರ್ ಮಣ್ಣು ಸಡಿಲವಾಯಿತು; ಟ್ರ್ಯಾಕ್ಟರ್ ಲೆಕ್ಕದಲ್ಲಿ ಸುಮಾರು 150 ಲೋಡು. ಹುಲ್ಲಿನ ಬೇರು ಬಿಗಿಹಿಡಿದ ಇಳಿಜಾರನ್ನು ಮಳೆಯ ಮುಂದೆ ಹೀಗೆ ಕೆದಕಿಟ್ಟರೆ, ಆ ಮಣ್ಣು ಹೋಗಿ ಕೂರುವುದು ಕೆಳಗಿನ ಕೆರೆಯ ಹೂಳಿನಲ್ಲಿ.

ನೇರಳೆ, ಹಲಸು ನೆಡುತ್ತೇವೆ ಅನ್ನುವಿರಿ. ಅಲ್ಲಿನ ಗಾಳಿಗೂ ಬೇಸಿಗೆಗೂ ಅವು ಉಳಿಯುವುದು ಕಷ್ಟ. ಆಗ ‘ಬದುಕುವ ಜಾತಿ’ ಎಂದು ಅಕೇಶಿಯಾ ಬರುತ್ತದೆ. ಅದರ ನೆರಳಿಗೂ ತರಗೆಲೆಗೂ ಹುಲ್ಲು ಸಾಯುತ್ತದೆ. ಗಟ್ಟಿ ಸಿಪ್ಪೆಯ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಕಾದು, ಬೆಂಕಿ ಬಿದ್ದ ಮೇಲೆ ಒಟ್ಟಿಗೆ ಏಳುತ್ತದೆ. ನೀರಿನ ಮಾತಿಗೆ ಬಂದರೆ, ಊಟಿ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಅಕ್ಕಪಕ್ಕದ ಎರಡು ಜಲಾನಯನಗಳನ್ನು ಅಳೆದಿದ್ದಾರೆ. ಹುಲ್ಲಿಗೆ ಬದಲು ನೀಲಗಿರಿ ಮರ ಹಾಕಿದ ಕಡೆ ಮೊದಲ 10 ವರ್ಷಗಳಲ್ಲಿ ಹರಿದು ಬರುವ ನೀರು ಸುಮಾರು ಶೇ. 16ರಷ್ಟು ಇಳಿಯಿತು. ಕಡೂರಿನವರು ಈ ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು!

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. 2000ದಲ್ಲಿ ಮೊದಲ ಬಾರಿ ಬಂದ ಕೇಂದ್ರದ ಬಂಜರುಭೂಮಿ ನಕಾಶೆಯೇ ದೇಶದ ಎಷ್ಟೋ ಹುಲ್ಲುಗಾವಲನ್ನು ಪಾಳು ಎಂದು ಬರೆದುಕೊಂಡಿತು. 2016ರ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆ ಬಂದ ಮೇಲೆ ಸಸಿ ನೆಡಲು ದುಡ್ಡೂ ಇದೆ, ಖರ್ಚು ತೋರಿಸಲು ಜಾಗ ಬೇಕು. ಸಸಿ ಎಣಿಸಬಹುದು, ಫೋಟೊ ತೆಗೆಯಬಹುದು. ಹುಲ್ಲಿಗೆ ರಿಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ. 2022ರಲ್ಲಿ ಕುರಿಂಜಿ ಅರಳಿ ಗಿರಿ ನೀಲಿಯಾದಾಗ ಸೆಲ್ಫಿಗೆ ನುಗ್ಗಿದವರೂ ಕಾಲಡಿಯ ಹುಲ್ಲನ್ನು ನೋಡಲಿಲ್ಲ. ಬಿಸಿಲು ಬಯಸುವ ಕುರಿಂಜಿ ಗಿಡ ಅಕೇಶಿಯಾ ತೋಪಿನಡಿ ಅರಳೀತೆ?

ಮಕ್ಕಳನ್ನು ಕರೆದೊಯ್ಯಲೇಬೇಕೆಂದಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಮೊದಲ ಮಳೆಯ ನಂತರ ಹೋಗಿ. ಮಣ್ಣು ಮೆತ್ತಗಿರುತ್ತದೆ, ಮೊಣಕಾಲೆತ್ತರದೊಳಗಿನ ಅಕೇಶಿಯಾ ಸಸಿಯನ್ನು ಬುಡದಲ್ಲಿ ಹಿಡಿದು ಬೇರುಸಮೇತ ಕೀಳಿಸಿ, ಕತ್ತರಿಸುವುದು ಬೇಡ. ನಿಮ್ಮ ಹೊಂಗೆ, ಬೇವು, ಹುಣಸೆ ಸಸಿಗಳಿಗೆ ಕಡೂರಿನ ಕೆರೆ ಏರಿಯ ಕೆಳಗೆ, ಗೋಮಾಳದ ಅಂಚಿನಲ್ಲಿ ಬೇಕಾದಷ್ಟು ಜಾಗವಿದೆ. ಏರಿಯ ಮೇಲೆ ಮಾತ್ರ ನೆಡಬೇಡಿ, ಬೇರು ಸತ್ತ ದಾರಿಯಲ್ಲಿ ನೀರು ಜಿನುಗುತ್ತದೆ.