ಸಾಮರ್ಥ್ಯಾಧಾರಿತ ಪಠ್ಯಕ್ರಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರೌಢಶಾಲೆ ದಾಟಿದ ನಂತರದ ತರಗತಿಗಳ ಪಠ್ಯಕ್ರಮವನ್ನು ಸಾಮರ್ಥ್ಯಗಳ ಆಧಾರದ ಮೇಲೆ ಮರುರೂಪಿಸುವ ಕೆಲಸ ಇಂದು ಹಲವು ದೇಶಗಳಲ್ಲಿ ನಡೆಯುತ್ತಿದೆ. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವು ಸಂದೇಹಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಅವುಗಳನ್ನು ಸ್ಪಷ್ಟವಾಗಿ ಎತ್ತಿರುವ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಭೌತಶಾಸ್ತ್ರದ ಉಪನ್ಯಾಸಕಿ. ಹೊಸ ಪಠ್ಯಕ್ರಮದ ದಾಖಲೆಗಳಲ್ಲಿ ‘ಸಾಮರ್ಥ್ಯ’ ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಇಷ್ಟು ವರ್ಷ ನಾವು ಕಲಿಸಿದ್ದು ಸಾಮರ್ಥ್ಯವಲ್ಲವೇ? ತರಗತಿಯಲ್ಲಿ ನಿಜವಾಗಿ ಬದಲಾಗಬೇಕಾದದ್ದು ಯಾವುದು?

ಉತ್ತರ: ನೀವು ಕಲಿಸಿದ್ದರಲ್ಲಿ ಸಾಮರ್ಥ್ಯ ಇದ್ದೇ ಇತ್ತು. ಪರೀಕ್ಷೆ ಅದನ್ನು ಕೇಳುತ್ತಿರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಹಲವು ದೇಶಗಳು ಸೇರಿ ನಡೆಸುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 1997ರಲ್ಲಿ ಕೈಗೆತ್ತಿಕೊಂಡು 2003ರಲ್ಲಿ ಅಂತಿಮ ವರದಿ ನೀಡಿದ ಯೋಜನೆಯೊಂದು ಈ ಪರಿಕಲ್ಪನೆಗೆ ಇಂದಿನ ರೂಪ ಕೊಟ್ಟಿತು. ಜ್ಞಾನ, ಕೌಶಲ ಮತ್ತು ಮನೋಭಾವಗಳನ್ನು ಒಟ್ಟಿಗೆ ಬಳಸಿಕೊಂಡು ಒಂದು ಸಂದರ್ಭದ ಸಂಕೀರ್ಣ ಬೇಡಿಕೆಯನ್ನು ಪೂರೈಸುವ ಶಕ್ತಿಯೇ ಸಾಮರ್ಥ್ಯ ಎಂಬುದು ಅದರ ಸಾರಾಂಶ. ಇಲ್ಲಿ ಜ್ಞಾನಕ್ಕೆ ಮೊದಲ ಸ್ಥಾನವಿರುವುದನ್ನು ಗಮನಿಸಬೇಕು, ಏಕೆಂದರೆ ನಂತರದ ಚರ್ಚೆಗಳಲ್ಲಿ ಎಲ್ಲರೂ ಮರೆಯುವುದು ಅದನ್ನೇ.

ತರಗತಿಯ ಮಾತಿಗೆ ಬರೋಣ. ಸರಳ ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡಿನ, ಪಾಠದ ಮೇಲೆ ಸಾಮಾನ್ಯವಾಗಿ ಬರುವ ಪ್ರಶ್ನೆ ಹೀಗಿರುತ್ತದೆ: ‘ಆವರ್ತಕಾಲದ (ಒಂದು ಆಂದೋಲನಕ್ಕೆ ಹಿಡಿಯುವ ಸಮಯದ) ಸೂತ್ರವನ್ನು ಸಾಧಿಸಿ, ಉದ್ದ 1 ಮೀಟರ್ ಇದ್ದಾಗ ಆವರ್ತಕಾಲವನ್ನು ಕಂಡುಹಿಡಿಯಿರಿ.’ ಸಾಧನೆಯ ಹಂತಗಳನ್ನು ಬಾಯಿಪಾಠ ಮಾಡಿ, ಸಂಖ್ಯೆಯನ್ನು ಸೂತ್ರಕ್ಕೆ ಹಾಕಿ, ಸುಮಾರು 2 ಸೆಕೆಂಡ್ ಎಂದು ಬರೆದವರಿಗೆ ಪೂರ್ತಿ ಅಂಕ ಸಿಗುತ್ತದೆ. ಅದೇ ಪಾಠದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳಬಹುದು. ಒಬ್ಬ ವಿದ್ಯಾರ್ಥಿನಿ ಬೇರೆ ಬೇರೆ ಉದ್ದದ ದಾರಗಳನ್ನು ಬಳಸಿ, ಪ್ರತಿ ಸಲವೂ 20 ಆಂದೋಲನಗಳ ಕಾಲವನ್ನು ಅಳೆದು, ದಾರದ ಉದ್ದಕ್ಕೂ ಆವರ್ತಕಾಲದ ವರ್ಗಕ್ಕೂ ನಡುವಿನ ನಕ್ಷೆಯನ್ನು ಎಳೆದಿದ್ದಾಳೆ. ಸರಳರೇಖೆಯೇನೋ ಬಂದಿದೆ, ಆದರೆ ಅದು ಮೂಲಬಿಂದುವಿನ ಮೂಲಕ ಹಾಯದೆ, ಹಿಂದಕ್ಕೆ ಎಳೆದಾಗ ಉದ್ದದ ಅಕ್ಷವನ್ನು ಋಣ 1.5 ಸೆಂಟಿಮೀಟರಿನಲ್ಲಿ ಮುಟ್ಟುತ್ತದೆ. ಆಕೆ ಅಳೆಯುವಾಗ ಏನು ಮಾಡಿರಬೇಕು? ಈ ನಕ್ಷೆಯಿಂದ ಲೆಕ್ಕ ಹಾಕಿದ ಗುರುತ್ವ ವೇಗೋತ್ಕರ್ಷದ ಬೆಲೆ ತಪ್ಪಾಗುತ್ತದೆಯೇ?

ಆಕೆ ದಾರವನ್ನು ಗುಂಡಿನ ಮೇಲ್ತುದಿಯವರೆಗೆ ಮಾತ್ರ ಅಳೆದಿದ್ದಾಳೆ. ಲೋಲಕದ ಉದ್ದವೆಂದರೆ ಗುಂಡಿನ ಕೇಂದ್ರದವರೆಗಿನ ದೂರ, ಆದ್ದರಿಂದ ಗುಂಡಿನ ತ್ರಿಜ್ಯವಾದ 1.5 ಸೆಂಟಿಮೀಟರ್ ಪ್ರತಿಯೊಂದು ಅಳತೆಯಲ್ಲೂ ಬಿಟ್ಟುಹೋಗಿದೆ. ಎಲ್ಲ ಅಳತೆಗಳಲ್ಲೂ ಒಂದೇ ಮೊತ್ತ ಬಿಟ್ಟುಹೋಗಿರುವುದರಿಂದ ರೇಖೆ ಪಕ್ಕಕ್ಕೆ ಸರಿದಿದೆಯೇ ಹೊರತು ಅದರ ಇಳಿಜಾರು ಬದಲಾಗಿಲ್ಲ. ಗುರುತ್ವ ವೇಗೋತ್ಕರ್ಷವನ್ನು ಇಳಿಜಾರಿನಿಂದಲೇ ಪಡೆಯುವುದರಿಂದ ಅದರ ಬೆಲೆ ಸರಿಯಾಗಿಯೇ ಬರುತ್ತದೆ. ಆದರೆ ಅದೇ ವಿದ್ಯಾರ್ಥಿನಿ ನಕ್ಷೆ ಎಳೆಯದೆ, 25 ಸೆಂಟಿಮೀಟರ್ ದಾರದ ಒಂದೇ ಅಳತೆಯನ್ನು ಸೂತ್ರಕ್ಕೆ ಹಾಕಿದ್ದರೆ 9.8ರ ಬದಲು ಸುಮಾರು 9.2 ಬರುತ್ತಿತ್ತು. ಪ್ರಯೋಗದಲ್ಲಿ ನಕ್ಷೆಯನ್ನು ಏಕೆ ಎಳೆಯುತ್ತೇವೆ ಎಂಬುದು ಇಷ್ಟರಲ್ಲೇ ವಿದ್ಯಾರ್ಥಿಗೆ ಮನದಟ್ಟಾಗುತ್ತದೆ.

ಸೂತ್ರ ಗೊತ್ತಿಲ್ಲದವರು ಈ ಪ್ರಶ್ನೆಯ ಹತ್ತಿರ ಸುಳಿಯಲಾರರು, ಸೂತ್ರ ಮಾತ್ರ ಗೊತ್ತಿರುವವರು ಅದನ್ನು ಮುಗಿಸಲಾರರು. ನಿಮ್ಮ ತರಗತಿಯಲ್ಲಿ ಬದಲಾಗಬೇಕಾದದ್ದು ಈ ಅಂತರವೇ. ಅದು ಮೊದಲು ಬದಲಾಗಬೇಕಾದ ಜಾಗ ಪ್ರಯೋಗಾಲಯ. ಬರಬೇಕಾದ ಬೆಲೆಯನ್ನು ಮೊದಲೇ ತಿಳಿದುಕೊಂಡು ಅದಕ್ಕೆ ಹೊಂದುವಂತೆ ಅಳತೆಗಳನ್ನು ರೆಕಾರ್ಡ್ ಪುಸ್ತಕದಲ್ಲಿ ತುಂಬುವ ರೂಢಿ ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿಯವರೆಗೆ ಋಣ 1.5 ಸೆಂಟಿಮೀಟರ್ ಯಾರ ನಕ್ಷೆಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಸರಿಯಾಗಿ ಬಾರದ ಅಳತೆಯನ್ನು ಇದ್ದಂತೆಯೇ ಬರೆದು, ಏಕೆ ಬರಲಿಲ್ಲ ಎಂದು ವಿವರಿಸಿದ ವಿದ್ಯಾರ್ಥಿಗೆ, ಸರಿಯಾದ ಉತ್ತರವನ್ನು ನಕಲು ಮಾಡಿದವರಿಗಿಂತ ಹೆಚ್ಚು ಅಂಕ ಕೊಡುವ ಧೈರ್ಯವನ್ನು ದಯವಿಟ್ಟು ತೋರಿಸಿ.

ಪ್ರಶ್ನೆ: ಸಾಮರ್ಥ್ಯದ ಹೆಸರಿನಲ್ಲಿ ಪಾಠಗಳನ್ನು ಕಡಿತಗೊಳಿಸುತ್ತಿದ್ದಾರೆ. ಮಾಹಿತಿಯೆಲ್ಲ ಬೆರಳ ತುದಿಯಲ್ಲಿರುವಾಗ ನೆನಪಿಟ್ಟುಕೊಳ್ಳುವುದೇಕೆ ಎಂದು ಕೇಳುತ್ತಾರೆ. ಮಗಳು ಮುಂದೆ ಉನ್ನತ ಶಿಕ್ಷಣಕ್ಕೆ ಹೋದಾಗ ತಳಹದಿಯೇ ಇಲ್ಲದಂತಾಗುವುದಿಲ್ಲವೇ? — ಒಬ್ಬ ತಂದೆ

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ. ನೆನಪಿನ ಅಗತ್ಯವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1988ರಲ್ಲಿ ಪ್ರಕಟವಾದ ಅಮೆರಿಕದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟು, ಅವರು ಅದನ್ನು ಎಷ್ಟು ಗ್ರಹಿಸಿದರೆಂದು ನೋಡಲಾಯಿತು. ಓದಿನಲ್ಲಿ ಹಿಂದಿದ್ದರೂ ಆ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟದ ಬಗ್ಗೆ ಹೆಚ್ಚು ತಿಳಿಯದ ಮಕ್ಕಳಿಗಿಂತ ಉತ್ತಮವಾಗಿ ಗ್ರಹಿಸಿದ್ದರು. ಗ್ರಹಿಕೆ, ವಿಮರ್ಶೆ, ಸಮಸ್ಯೆ ಬಿಡಿಸುವ ಶಕ್ತಿ ಇವೆಲ್ಲ ವಿಷಯದ ತಿಳಿವಳಿಕೆಯಿಂದ ಬೇರ್ಪಟ್ಟು ತಾವೇ ನಿಲ್ಲುವ ಶಕ್ತಿಗಳಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ರಸಾಯನಶಾಸ್ತ್ರದಲ್ಲಿ ವಿಮರ್ಶಾತ್ಮಕವಾಗಿ ಯೋಚಿಸಬೇಕಾದರೆ ರಸಾಯನಶಾಸ್ತ್ರ ಗೊತ್ತಿರಬೇಕು.

ಹಾಗೆಂದ ಮಾತ್ರಕ್ಕೆ ಯಾವ ಪಾಠವನ್ನೂ ಕೈಬಿಡಬಾರದೆಂದಲ್ಲ. ಪಾಠಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡು ಅವುಗಳ ಮೇಲೆ ಯೋಜನಾ ಕಾರ್ಯ, ಚರ್ಚೆ, ಪ್ರಾತ್ಯಕ್ಷಿಕೆಗಳನ್ನು ಹೇರಿದರೆ ಶಿಕ್ಷಕರು ಪಾಠ ಮುಗಿಸುವ ಓಟದಲ್ಲಿ ಮೊದಲು ಕೈಬಿಡುವುದು ಹೊಸದನ್ನೇ. ಆದ್ದರಿಂದ ಕಡಿತ ಅನಿವಾರ್ಯ. ಯಾವ ಪಾಠವನ್ನು ಕೈಬಿಡಲಾಗಿದೆ, ಅದರ ಮೇಲೆ ಮುಂದಿನ ಯಾವ ಪಾಠ ನಿಂತಿದೆ, ಹಾಗೆ ಉಳಿತಾಯವಾದ ಸಮಯವನ್ನು ಯಾವುದಕ್ಕೆ ಕೊಡಲಾಗಿದೆ ಎಂದು ಪಾಲಕರಾದ ನೀವು ಕೇಳಬೇಕು. ಕಲನಶಾಸ್ತ್ರಕ್ಕೆ ಬೇಕಾದ ಬೀಜಗಣಿತವನ್ನು ತೆಗೆದುಹಾಕಿ ಕಲನಶಾಸ್ತ್ರವನ್ನು ಉಳಿಸಿಕೊಂಡ ಪಠ್ಯಕ್ರಮ ಹಗುರಾದಂತೆ ಕಂಡರೂ ಮಕ್ಕಳಿಗೆ ಭಾರವೇ ಆಗುತ್ತದೆ.

ಪ್ರಶ್ನೆ: ಸಂವಹನ, ಸಹಕಾರ, ಸೃಜನಶೀಲತೆ, ಪೌರಪ್ರಜ್ಞೆ ಇವೆಲ್ಲವನ್ನೂ ಎಲ್ಲ ವಿಷಯಗಳಲ್ಲೂ ಬೆಳೆಸಬೇಕೆಂದು ಹೇಳುತ್ತಾರೆ. ಹಾಗಾದರೆ ಇತಿಹಾಸ, ಸಾಹಿತ್ಯದಂಥ ವಿಷಯಗಳಿಗೆ ಪ್ರತ್ಯೇಕ ಅಸ್ತಿತ್ವ ಉಳಿಯುತ್ತದೆಯೇ? — ಇತಿಹಾಸದ ಅಧ್ಯಾಪಕರು

ಉತ್ತರ: ಇದು ಪಠ್ಯಕ್ರಮವನ್ನು ಬರೆಯುವವರ ಕೈಯಲ್ಲಿದೆ. ಯುರೋಪಿನ ಒಕ್ಕೂಟವು 2006ರಲ್ಲಿ ಎಂಟು ಪ್ರಮುಖ ಸಾಮರ್ಥ್ಯಗಳನ್ನು ಶಿಫಾರಸು ಮಾಡಿ, 2018ರಲ್ಲಿ ಅವುಗಳನ್ನು ಪರಿಷ್ಕರಿಸಿತು. 2021ರ ಆಗಸ್ಟ್‌ನಿಂದ ಫಿನ್ಲೆಂಡಿನಲ್ಲಿ ಜಾರಿಗೆ ಬಂದ ಈ ಹಂತದ ಪಠ್ಯಕ್ರಮದಲ್ಲಿ ಎಲ್ಲ ವಿಷಯಗಳಿಗೂ ಅನ್ವಯಿಸುವ ಆರು ಸಾಮರ್ಥ್ಯ ಕ್ಷೇತ್ರಗಳಿವೆ. ಆದರೆ ಅಲ್ಲಿ ವಿಷಯಗಳು ವಿಷಯಗಳಾಗಿಯೇ ಉಳಿದಿವೆ. ನಾರ್ವೆ 2020ರಿಂದ ಹಂತಹಂತವಾಗಿ ತಂದ ಸುಧಾರಣೆ ನನಗೆ ಹೆಚ್ಚು ಇಷ್ಟವಾಗುತ್ತದೆ. ಅಲ್ಲಿ ಪ್ರತಿಯೊಂದು ವಿಷಯಕ್ಕೂ ಅದರದೇ ಆದ ತಿರುಳಿನ ಅಂಶಗಳನ್ನು ಗುರುತಿಸಿ, ಆ ವಿಷಯದಲ್ಲಿ ಯೋಚಿಸುವ ಮತ್ತು ಕೆಲಸ ಮಾಡುವ ಬಗೆ ಯಾವುದೆಂಬುದನ್ನು ಮೊದಲು ಹೇಳಿ, ಆರೋಗ್ಯ ಮತ್ತು ಬದುಕಿನ ನಿರ್ವಹಣೆ, ಪ್ರಜಾಪ್ರಭುತ್ವ ಮತ್ತು ಪೌರತ್ವ, ಸುಸ್ಥಿರ ಅಭಿವೃದ್ಧಿ ಎಂಬ ಮೂರು ಅಂತರ್‌ವಿಷಯಗಳನ್ನು ಅವುಗಳಿಗೆ ಹೊಂದುವಲ್ಲಿ ಮಾತ್ರ ಜೋಡಿಸಲಾಗಿದೆ.

ನಿಮ್ಮ ವಿಷಯದ ಸಾಮರ್ಥ್ಯವೆಂದರೆ ಆಕರಗಳನ್ನು ಪ್ರಶ್ನಿಸುವುದು. ಒಂದು ಕ್ಷಾಮದ ಬಗ್ಗೆ ಆಡಳಿತಗಾರನೊಬ್ಬನ ವರದಿಯನ್ನೂ ರೈತರು ಬರೆದುಕೊಂಡ ಅರ್ಜಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಇವೆರಡನ್ನೂ ಯಾರು, ಯಾರಿಗಾಗಿ, ಯಾವಾಗ ಬರೆದರು, ಇಬ್ಬರೂ ಒಪ್ಪುವ ಸಂಗತಿ ಯಾವುದು, ಇಬ್ಬರೂ ಹೇಳದೆ ಬಿಟ್ಟದ್ದು ಯಾವುದು ಎಂದು ಕೇಳಿ. ಅಲ್ಲಿ ಸಂವಹನವೂ ಪೌರಪ್ರಜ್ಞೆಯೂ ತಾವಾಗಿಯೇ ಬರುತ್ತವೆ. ಭಿತ್ತಿಪತ್ರ ಬರೆಸಿ, ಗುಂಪಿನಲ್ಲಿ ಕೂರಿಸಿ ‘ಸಹಕಾರ ಬೆಳೆಯಿತು’ ಎಂದು ದಾಖಲಿಸುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಪ್ರತಿ ವಿದ್ಯಾರ್ಥಿಗೂ ಹತ್ತಾರು ಸಾಮರ್ಥ್ಯ ಸೂಚಕಗಳಿಗೆ ಗುರುತು ಹಾಕಬೇಕಾಗಿದೆ. ಪಾಠ ಮಾಡುವುದಕ್ಕಿಂತ ನಮೂನೆ ತುಂಬುವುದೇ ಹೆಚ್ಚಾಗಿದೆ. ಇಷ್ಟಾದರೂ ಅಂತಿಮ ಪರೀಕ್ಷೆ ಹಳೆಯ ರೀತಿಯಲ್ಲೇ ಇದೆ. ಇದರಿಂದ ಯಾರಿಗೆ ಪ್ರಯೋಜನ? — ಒಬ್ಬ ಶಿಕ್ಷಕಿ

ಉತ್ತರ: ಯಾರಿಗೂ ಇಲ್ಲ. ಸಾಮರ್ಥ್ಯವನ್ನು ಚೂರುಚೂರು ಮಾಡಿ ಪಟ್ಟಿ ಹಾಕಿದರೆ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ವೃತ್ತಿಶಿಕ್ಷಣ ಬಹಳ ಹಿಂದೆಯೇ ಕಂಡಿದೆ. 1986ರ ನಂತರ ಅಲ್ಲಿ ರೂಪುಗೊಂಡ ರಾಷ್ಟ್ರೀಯ ವೃತ್ತಿ ಅರ್ಹತೆಗಳು ಒಂದೊಂದು ಕೆಲಸವನ್ನೂ ಸಣ್ಣ ಸಣ್ಣ ಅಂಶಗಳಾಗಿ ಒಡೆದದ್ದರಿಂದ, ಕಾಗದಪತ್ರಗಳ ಹೊರೆಯ ಬಗ್ಗೆಯೂ ಇಡೀ ಕೆಲಸದ ಅರಿವು ಕಳೆದುಹೋಗುವುದರ ಬಗ್ಗೆಯೂ ತೀವ್ರ ಟೀಕೆ ಕೇಳಿಬಂದಿತು. ನೂರು ಗುರುತುಗಳನ್ನು ಕೂಡಿಸಿದರೆ ಒಂದು ತೀರ್ಮಾನವಾಗುವುದಿಲ್ಲ. ಒಂದು ಅವಧಿಗೆ ಪ್ರತಿ ವಿದ್ಯಾರ್ಥಿಯ ಎರಡೋ ಮೂರೋ ದೊಡ್ಡ ಕೆಲಸಗಳನ್ನು ಪೂರ್ತಿಯಾಗಿ ಓದಿ ಅಭಿಪ್ರಾಯ ಬರೆಯುವುದಕ್ಕೆ ಅವಕಾಶ ಕೊಡಿ ಎಂದು ನಿಮ್ಮ ಮುಖ್ಯಸ್ಥರನ್ನು ಕೇಳಿ. ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ನೋಡಿ, ಅಂಕಗಳು ಎಲ್ಲಿ ಭಿನ್ನವಾದವೆಂದು ಕುಳಿತು ಚರ್ಚಿಸಿದರೆ, ನಮೂನೆಗಳಿಂದ ಬಾರದ ಸಮಾನತೆ ಅದರಿಂದ ಬರುತ್ತದೆ.

ಅಂತಿಮ ಪರೀಕ್ಷೆಯ ಬಗ್ಗೆ ನೀವು ಹೇಳಿದ್ದು ಇಡೀ ಸುಧಾರಣೆಯ ಮರ್ಮ. ಈ ಹಂತದ ತರಗತಿಗಳಲ್ಲಿ ಪ್ರಶ್ನೆಪತ್ರಿಕೆಯೇ ನಿಜವಾದ ಪಠ್ಯಕ್ರಮ. ಉಳಿದೆಲ್ಲವೂ ಅದರ ಹಿಂದೆ ನಡೆಯುತ್ತದೆ. ಅದನ್ನು ಅರಿತವರು ಪರೀಕ್ಷೆಗೂ ಕೈ ಹಾಕಿದ್ದಾರೆ. ಭಾರತದ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2024-25ರಲ್ಲಿ 11 ಮತ್ತು 12ನೇ ತರಗತಿಗಳ ಪ್ರಶ್ನೆಪತ್ರಿಕೆಗಳಲ್ಲಿ ಸಾಮರ್ಥ್ಯ ಕೇಂದ್ರಿತ ಪ್ರಶ್ನೆಗಳ ಪಾಲನ್ನು ಶೇಕಡ 40ರಿಂದ 50ಕ್ಕೆ ಏರಿಸಿತು. ಪಾಲು ಏರಿಸುವುದು ಸುಲಭ, ಒಳ್ಳೆಯ ಪ್ರಶ್ನೆ ಬರೆಯುವುದು ಕಷ್ಟ. ಅರ್ಧ ಪುಟದ ಸನ್ನಿವೇಶವೊಂದನ್ನು ಮುದ್ರಿಸಿ ಅದರ ಕೆಳಗೆ ಹಳೆಯ ನೆನಪಿನ ಪ್ರಶ್ನೆಯನ್ನೇ ಕೇಳಿದ ಪತ್ರಿಕೆಗಳು ಬೇಕಾದಷ್ಟಿವೆ. ಪ್ರಶ್ನೆಯನ್ನು ಪರಿಶೀಲಿಸುವಾಗ ಆ ಸನ್ನಿವೇಶವನ್ನು ಕೈಯಿಂದ ಮುಚ್ಚಿ ನೋಡಿ. ಅದಿಲ್ಲದೆಯೂ ಉತ್ತರ ಬರೆಯಲು ಸಾಧ್ಯವಾದರೆ ಅದು ಬರೀ ಅಲಂಕಾರ. ಓದಲು ನಿಧಾನಿಸುವ ಮಕ್ಕಳಿಗೆ ಅದರಿಂದ ಅನ್ಯಾಯವೂ ಆಗುತ್ತದೆ. ಉನ್ನತ ಶಿಕ್ಷಣದ ಪ್ರವೇಶ ಪರೀಕ್ಷೆಗಳು ಬದಲಾಗದೆ ಶಾಲಾ ಪರೀಕ್ಷೆಯೊಂದೇ ಬದಲಾದರೆ, ಪಾಲಕರು ಹಿಂಬಾಲಿಸುವುದು ಪ್ರವೇಶ ಪರೀಕ್ಷೆಯನ್ನೇ. ಅದಕ್ಕಾಗಿ ಅವರನ್ನು ದೂರುವುದು ಸರಿಯಲ್ಲ.

ಪ್ರಶ್ನೆ: ನಾನು ಕೊನೆಯ ವರ್ಷದ ವಿದ್ಯಾರ್ಥಿ. ನೋಟ್ಸ್ ಅನ್ನು ಮೂರು ನಾಲ್ಕು ಸಲ ಓದಿದರೂ ಹೊಸ ರೀತಿಯ ಪ್ರಶ್ನೆಗಳ ಮುಂದೆ ಕೈ ಕಟ್ಟಿದಂತಾಗುತ್ತದೆ. ಹೇಗೆ ಓದಲಿ?

ಉತ್ತರ: ಮತ್ತೆ ಮತ್ತೆ ಓದುವುದನ್ನು ಕಡಿಮೆ ಮಾಡು. ಪುಸ್ತಕ ಮುಚ್ಚಿಟ್ಟು, ನೆನಪಿನಿಂದ ಬರೆದು, ಆಮೇಲೆ ತೆರೆದು ತಿದ್ದಿಕೋ. ಹಾಗೆ ನೆನಪಿನಿಂದ ಬರೆದದ್ದು ಪುನಃ ಓದಿದ್ದಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆಂದು 2006ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಅವರ ಪ್ರಯೋಗಗಳು ತೋರಿಸಿವೆ. ಒಂದು ವಾರದ ನಂತರ ಪರೀಕ್ಷಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತ್ತು. ಇದು ಮೊದಲ ಹೆಜ್ಜೆ, ಏಕೆಂದರೆ ನೆನಪಿನಲ್ಲಿಲ್ಲದ್ದನ್ನು ಬಳಸಲಾಗದು.

ಆಮೇಲೆ ಬಿಡಿಸಿದ ಲೆಕ್ಕವೊಂದನ್ನು ತೆಗೆದುಕೊಂಡು ಅದರ ಒಂದು ಷರತ್ತನ್ನು ಬದಲಿಸು. ಘರ್ಷಣೆ ಇಲ್ಲವೆಂದು ಹೇಳಿದ್ದರೆ ಇದೆ ಎಂದಿಟ್ಟುಕೋ. ಆಮ್ಲ ಪ್ರಬಲವೆಂದಿದ್ದರೆ ದುರ್ಬಲವೆಂದು ಭಾವಿಸು. ಉತ್ತರ ಹೆಚ್ಚಾಗುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದನ್ನು ಲೆಕ್ಕ ಮಾಡುವ ಮೊದಲೇ ಒಂದು ವಾಕ್ಯದಲ್ಲಿ ಬರೆ, ಕಾರಣವನ್ನೂ ಬರೆ, ನಂತರ ಲೆಕ್ಕ ಮಾಡಿ ನೋಡು. ನೀನು ಬರೆದ ಕಾರಣ ತಪ್ಪಾಗಿದ್ದರೆ ಅದೇ ದಿನ ಅದನ್ನು ನಿನ್ನ ಶಿಕ್ಷಕರಿಗೆ ತೋರಿಸು. ಬರೀ ‘ಅರ್ಥವಾಗಲಿಲ್ಲ’ ಎಂದು ಹೋದವರಿಗಿಂತ, ತನ್ನ ತಪ್ಪು ಕಾರಣವನ್ನು ಬರೆದುಕೊಂಡು ಹೋದ ವಿದ್ಯಾರ್ಥಿಗೆ ಅವರು ಬೇಗ ಸಹಾಯ ಮಾಡಬಲ್ಲರು.