ಡೆಲ್ಟಾದಲ್ಲಿ ಆ 7 ಎಲ್ಲಿಂದ ಬಂತು?

ಪ್ರಶ್ನೆ: ನಾನು ಗದಗದವನು, ಧಾರವಾಡದಲ್ಲಿ ಬಿ.ಎಸ್ಸಿ. ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿ ಗಣಿತದಲ್ಲಿ 100ಕ್ಕೆ 91 ಬಂದಿತ್ತು. ಈಗ ಕ್ಯಾಲ್ಕುಲಸ್‌ನ ಮೊದಲ ಆಂತರಿಕ ಪರೀಕ್ಷೆಯಲ್ಲಿ 20ಕ್ಕೆ 6. ಎಕ್ಸ್ ವರ್ಗದ ಲಿಮಿಟ್ 3ರ ಬಳಿ 9 ಎಂದು ಸಾಧಿಸುವಾಗ ಸರ್ ‘ಡೆಲ್ಟಾ ಎಂದರೆ ಎಪ್ಸಿಲಾನ್ ಭಾಗಿಸು 7 ಎಂದಿರಲಿ’ ಎಂದರು. ಆ 7 ಎಲ್ಲಿಂದ ಬಂತೆಂದು ಇನ್ನೂ ತಿಳಿದಿಲ್ಲ. ತಂದೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮಷೀನ್ ನಡೆಸುತ್ತಾರೆ, ಮನೆಯಲ್ಲಿ ಕೇಳುವವರಿಲ್ಲ. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲೇ?

ಉತ್ತರ: ವಿಷಯ ಬದಲಿಸುವ ಮಾತು ಸದ್ಯಕ್ಕೆ ಬೇಡ. ನಿಮ್ಮ 91 ಸುಳ್ಳಲ್ಲ, 6 ಕೂಡ ಸುಳ್ಳಲ್ಲ. ಅವು ಅಳೆದದ್ದು ಬೇರೆ ಬೇರೆ ಶಕ್ತಿಗಳನ್ನು. ಪಿಯುಸಿಯಲ್ಲಿ ಸೂತ್ರ ಹಚ್ಚಿದರೆ ಒಂದೇ ಉತ್ತರ ಬರುತ್ತದೆ, ಪುಸ್ತಕದ ಕೊನೆಯ ಪುಟಕ್ಕೆ ಅದನ್ನು ತಾಳೆ ಹಾಕಬಹುದು. ಪದವಿಯ ಈ ಲೆಕ್ಕದಲ್ಲಿ ಎಕ್ಸ್ 3ಕ್ಕೆ ಹತ್ತಿರವಾದಂತೆ ಅದರ ವರ್ಗ 9ಕ್ಕೆ ಹತ್ತಿರವಾಗುತ್ತದೆ ಎಂಬುದು, ಅಂದರೆ ಲಿಮಿಟ್ 9 ಎಂಬುದು, ಮೊದಲೇ ಗೊತ್ತಿದೆ; ಪರೀಕ್ಷಕರು ಕೇಳುತ್ತಿರುವುದು ಅದನ್ನು ನಂಬಲು ಕಾರಣವನ್ನು.

ಮನೆಯಲ್ಲಿ ಕೇಳುವವರಿಲ್ಲ ಎಂದಿದ್ದೀರಿ, ಆದರೆ ತಂದೆಯವರ ಮಷೀನಿನಲ್ಲೇ ಈ ಲೆಕ್ಕವಿದೆ. ಗಿರಾಕಿಯೊಬ್ಬರಿಗೆ 9 ಚದರ ಇಂಚಿನ ಚೌಕಾಕಾರದ ಚೀಟಿಗಳು ಬೇಕು, ವಿಸ್ತೀರ್ಣದಲ್ಲಿ 0.07 ಚದರ ಇಂಚಿಗಿಂತ ಹೆಚ್ಚು ಏರುಪೇರಾಗಕೂಡದು ಎನ್ನುತ್ತಾರೆ. ಆ 0.07 ಎಪ್ಸಿಲಾನ್. ಮಷೀನಿನಲ್ಲಿ ಹೊಂದಿಸಲು ಬರುವುದು ವಿಸ್ತೀರ್ಣವಲ್ಲ, ಬದಿಯ ಉದ್ದ. ಬದಿಯು 3 ಇಂಚಿನಿಂದ ಎಷ್ಟರವರೆಗೆ ಸರಿದರೂ ಗಿರಾಕಿ ತಕರಾರು ಮಾಡುವುದಿಲ್ಲವೋ ಅದೇ ಡೆಲ್ಟಾ. ಬದಿ ಎಕ್ಸ್ ಆದರೆ ವಿಸ್ತೀರ್ಣದ ವ್ಯತ್ಯಾಸ ಎಕ್ಸ್ ವರ್ಗ ಕಳೆ 9, ಅಂದರೆ (ಎಕ್ಸ್ − 3) ಮತ್ತು (ಎಕ್ಸ್ + 3) ಇವುಗಳ ಗುಣಲಬ್ಧ. ಮೊದಲನೆಯ ಅಪವರ್ತನ ನಮ್ಮ ಕೈಯಲ್ಲಿದೆ. ಎರಡನೆಯದು ಎಕ್ಸ್ ಜೊತೆಗೆ ತಾನೂ ಬದಲಾಗುತ್ತದೆ, ಹಾಗಾಗಿ ಅದಕ್ಕೊಂದು ಲಗಾಮು ಬೇಕು. ಏನೇ ಆದರೂ ಬದಿಯನ್ನು 3ರಿಂದ 1 ಇಂಚಿನಷ್ಟು ಸರಿಯಗೊಡುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದರೆ ಎಕ್ಸ್ 4ಕ್ಕಿಂತ ಕಡಿಮೆಯಿರುತ್ತದೆ, ಎಕ್ಸ್ + 3 ಎಂಬುದು 7ಕ್ಕಿಂತ ಕಡಿಮೆಯಿರುತ್ತದೆ. ನಿಮ್ಮ 7 ಬಂದದ್ದು ಇಲ್ಲಿಂದ. ಆದ್ದರಿಂದ ಡೆಲ್ಟಾ ಎಂದರೆ 1 ಮತ್ತು ಎಪ್ಸಿಲಾನ್ ಭಾಗಿಸು 7, ಇವೆರಡರಲ್ಲಿ ಚಿಕ್ಕದು. ಎಪ್ಸಿಲಾನ್ 0.07 ಆದಾಗ ಅದು 0.01. ತಾಳೆ ನೋಡಿ: 3.01ರ ವರ್ಗ 9.0601, ಹೆಚ್ಚಾದದ್ದು 0.0601 ಮಾತ್ರ.

1 ಇಂಚಿನ ಬದಲು ಅರ್ಧ ಇಂಚಿನ ಲಗಾಮು ಹಾಕಿದ್ದರೆ 7ರ ಜಾಗದಲ್ಲಿ 6.5 ಬರುತ್ತಿತ್ತು, ಅದೂ ಸರಿಯೇ. ಹಲಗೆಯ ಮೇಲಿನ ಡೆಲ್ಟಾ ಸಾಲುವ ಒಂದು ಡೆಲ್ಟಾ, ಅದೊಂದೇ ಡೆಲ್ಟಾ ಅಲ್ಲ. ಒಂದು ಪ್ರಶ್ನೆಗೆ ಒಂದೇ ಉತ್ತರ ಎಂಬ ರೂಢಿಯಲ್ಲಿ ಬೆಳೆದವರಿಗೆ ಈ ಸಡಿಲಿಕೆಯೇ ಗೊಂದಲವಾಗುತ್ತದೆ. ಇನ್ನೊಂದು, ಗಿರಾಕಿ ಮೊದಲು, ಮಷೀನ್ ಆಮೇಲೆ. ಡೆಲ್ಟಾವನ್ನು ಮೊದಲು ಹಿಡಿದು ಎಪ್ಸಿಲಾನನ್ನು ಅದಕ್ಕೆ ಹೊಂದಿಸಿದ ಉತ್ತರಪತ್ರಿಕೆಗಳನ್ನು ಸಾಕಷ್ಟು ತಿದ್ದಿದ್ದೇನೆ. ‘ನೀವು ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ಟರೂ ಅದಕ್ಕೆ ತಕ್ಕ ಡೆಲ್ಟಾ ನಾನು ಕೊಡುತ್ತೇನೆ’ ಎಂದು ಕನ್ನಡದಲ್ಲಿ ಬರೆದುಕೊಂಡರೆ ಈ ಕ್ರಮ ತಪ್ಪುವುದಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ಯೋಚನೆ ಇಂಗ್ಲಿಷಿನಲ್ಲಿ ಇರಬೇಕಾಗಿಲ್ಲ.

ಕೆಲವೇ ವಾರಗಳಲ್ಲಿ ಇದು ಕೈಗೆ ಹತ್ತಲಿಲ್ಲವೆಂದು ನಾಚಿಕೊಳ್ಳಬೇಡಿ. ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ಕ್ಯಾಲ್ಕುಲಸ್ ಕುರಿತ ಮೊದಲ ಲೇಖನ ಅಚ್ಚು ಹಾಕಿಸಿದ್ದು 1684ರಲ್ಲಿ. ಲಿಮಿಟ್ಟನ್ನು ಬುನಾದಿಯಾಗಿಟ್ಟ ಫ್ರೆಂಚ್ ಗಣಿತಜ್ಞ ಕೋಶಿಯ ಪಠ್ಯ ಬಂದದ್ದು 1821ರಲ್ಲಿ. ಇಂದಿನ ಬಿಗಿಯಾದ ರೂಪ ನೆಲೆಗೊಂಡದ್ದು ಅದಕ್ಕೂ ಆಮೇಲೆ, ಜರ್ಮನ್ ಗಣಿತಜ್ಞ ವೈಯರ್‌ಸ್ಟ್ರಾಸ್‌ನ ಉಪನ್ಯಾಸಗಳಿಂದ. ನಡುವಿನ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಆಯ್ಲರ್‌ನಂಥವರು ಈ ವ್ಯಾಖ್ಯೆಯಿಲ್ಲದೆಯೇ ಕೆಲಸ ಸಾಗಿಸಿದರು.

ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಕ್ಯಾಲ್ಕುಲಸ್‌ನಲ್ಲಿ ಅಲ್ಲ, ಅದರ ಕೆಳಗಿರುವ ಬೀಜಗಣಿತದಲ್ಲಿ. ಅಸಮತೆಯನ್ನು ಋಣಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ತಿರುಗುವುದನ್ನು ಮರೆಯುವುದು, ಮಾಡ್ಯುಲಸ್ (ಚಿಹ್ನೆ ಬಿಟ್ಟ ಬೆಲೆ) ಗೆರೆಗಳನ್ನು ಆವರಣದಂತೆ ಬಿಡಿಸುವುದು, ಇವೇ ಅಂಕ ತಿನ್ನುತ್ತವೆ. ಎರಡು ವಾರ ದಿನಕ್ಕೆ ಅರ್ಧ ಗಂಟೆ ಇವುಗಳಿಗೇ ಕೊಡಿ.

ಮುಂದೆ ಬರುವ ಮೀನ್ ವ್ಯಾಲ್ಯೂ ಥಿಯರಮ್ ನಿಮಗೆ ಸಲೀಸಾದೀತು. ಚಿಗರಿ ಬಸ್ಸು ಹುಬ್ಬಳ್ಳಿ–ಧಾರವಾಡದ 22 ಕಿ.ಮೀ. ದಾರಿಯನ್ನು 33 ನಿಮಿಷದಲ್ಲಿ ಮುಗಿಸಿತು ಎಂದಿಟ್ಟುಕೊಳ್ಳಿ. ಸರಾಸರಿ ಗಂಟೆಗೆ 40 ಕಿ.ಮೀ. ನಡುವೆ ಎಲ್ಲೋ ಒಂದು ಕ್ಷಣ ಅದರ ವೇಗ ಸರಿಯಾಗಿ 40 ಇದ್ದೇ ಇರುತ್ತದೆ. ಆದರೆ ಪ್ರಮೇಯದ ಷರತ್ತುಗಳನ್ನು ಹಾರಿಸಿ ಓದಬೇಡಿ: ಮಾಡ್ಯುಲಸ್ ಎಕ್ಸ್‌ಗೆ −1ರಿಂದ 1ರವರೆಗೆ ಸರಾಸರಿ ಇಳಿಜಾರು (ಬಸ್ಸಿನ ಲೆಕ್ಕದಲ್ಲಿ ವೇಗವಿದ್ದ ಜಾಗದಲ್ಲಿ ಇಲ್ಲಿ ಇಳಿಜಾರು) 0, ಅಲ್ಲಿ ಸಿಗುವ ಇಳಿಜಾರುಗಳು −1 ಮತ್ತು 1 ಮಾತ್ರ, ಏಕೆಂದರೆ 0 ಎಂಬ ಬಿಂದುವಿನಲ್ಲೇ ಡಿರೈವೇಟಿವ್ (ಆ ಬಿಂದುವಿನ ಇಳಿಜಾರು) ಇಲ್ಲ.

ಸರ್ ಬಳಿ ಹೋದಾಗ ‘ತಿಳಿಯಲಿಲ್ಲ’ ಎನ್ನುವ ಬದಲು ನನಗೆ ಕೇಳಿದಂತೆ ಯಾವ ಸಾಲಿನ ಯಾವ ಸಂಖ್ಯೆ ಎಂದು ಕೇಳಿ. ಅದಕ್ಕೂ ಮೊದಲು ಎಕ್ಸ್ ಘನದ ಲಿಮಿಟ್ 2ರ ಬಳಿ 8 ಎಂದು ನೀವೇ ಸಾಧಿಸಿ ನೋಡಿ. 1ರ ಲಗಾಮನ್ನೇ ಹಾಕಿದರೆ 7ರ ಜಾಗದಲ್ಲಿ 19 ಬರಬೇಕು.