‘ನಾನು ಅಷ್ಟು ಗಲೀಜಾ ಅಕ್ಕ?’

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ತವರು ಕುಂದಾಪುರದ ಕಡೆ, ಮದುವೆಯಾಗಿ ಬಂದಿದ್ದು ಮುಂಬೈ ಹತ್ತಿರದ ಡೊಂಬಿವಲಿಗೆ. ಮಸ್ಜಿದ್ ಬಂದರ್‌ನಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಲೆಕ್ಕ ನೋಡುತ್ತೇನೆ. ಎರಡು ವರ್ಷದಿಂದ ಯೂರಿನ್ ಇನ್ಫೆಕ್ಷನ್ ಬೆನ್ನು ಬಿಟ್ಟಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಉರಿ, ಕಿಬ್ಬೊಟ್ಟೆ ನೋವು, ಹತ್ತು ನಿಮಿಷಕ್ಕೊಮ್ಮೆ ಓಡಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ಅದೇ ಮಾತ್ರೆ ತರುತ್ತೇನೆ. ಉರಿ ನಿಂತ ಮೇಲೆ ಉಳಿದದ್ದು ಡಬ್ಬಿಯಲ್ಲೇ ಇರುತ್ತದೆ. ಟ್ರೇನಿನಲ್ಲಿ ತಡೆಯಲಾಗದಿದ್ದರೆ ಅಂತ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಆಫೀಸಿನ ಮಹಡಿಯಲ್ಲಿ ಒಂದೇ ಟಾಯ್ಲೆಟ್, ಅದರ ಕೀಲಿಕೈ ವಾಚ್‌ಮನ್ ಹತ್ತಿರ. ಎಲ್ಲರೆದುರು ಎಷ್ಟು ಸಲ ಕೇಳಲಿ? ಸ್ಟೇಷನ್ ಟಾಯ್ಲೆಟ್‌ನಿಂದಲೇ ಅಂಟಿಕೊಂಡಿತೇನೋ ಅಂತ ಅಲ್ಲಿಗೂ ಹೋಗಲ್ಲ. ದಿನಕ್ಕೆರಡು ಸಲ ಆಂಟಿಸೆಪ್ಟಿಕ್ ಹಾಕಿ ತೊಳೆಯುತ್ತೇನೆ. ಗಂಡ ಹತ್ತಿರ ಬಂದರೆ ಮೈ ಬಿಗಿಯುತ್ತದೆ, ಯಾಕೆಂದರೆ ಒಂದೆರಡು ದಿನದಲ್ಲಿ ಮತ್ತೆ ಉರಿ. ‘ನಿನಗೆ ನನ್ನ ಮೇಲೆ ಮನಸ್ಸೇ ಇಲ್ಲ’ ಅಂತ ಅವರು ಮುಖ ತಿರುಗಿಸಿ ಮಲಗುತ್ತಾರೆ. ‘ಜೀನ್ಸ್ ಹಾಕು, ಹೊರಗಿಂದು ತಿನ್ನು, ಉಷ್ಣ ಆಗದೆ ಇನ್ನೇನು’ ಅಂತ ಅತ್ತೆ. ಈಗೀಗ ಕಾರಣವಿಲ್ಲದೆ ಅಳು ಬರುತ್ತದೆ. ನಾನು ಅಷ್ಟು ಗಲೀಜಾ ಅಕ್ಕ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಅಲ್ಲ. ಒಂಚೂರೂ ಅಲ್ಲ.

ಈ ಸೋಂಕಿಗೆ ಹೆಚ್ಚಿನ ಸಲ ಕಾರಣ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ. ಅದು ಎಲ್ಲರ ಕರುಳಲ್ಲೂ ಇರುತ್ತದೆ. ನಿಮ್ಮ ಗಂಡನ ಕರುಳಲ್ಲಿ, ಅತ್ತೆಯ ಕರುಳಲ್ಲಿ, ಇದನ್ನು ಬರೆಯುತ್ತಿರುವ ನನ್ನ ಕರುಳಲ್ಲೂ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದ, ನಮ್ಮದು ಬರೀ 4. ಮೂತ್ರಕೋಶಕ್ಕೆ ಹತ್ತಿರದ ದಾರಿ, ಅಷ್ಟೇ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ನೀವು ಹತ್ತುವ ಲೇಡೀಸ್ ಡಬ್ಬಾದಲ್ಲಿ ಬಟಾಣಿ ಸುಲಿಯುತ್ತಾ ನಗುನಗುತ್ತಾ ಕೂತಿರುವವರಲ್ಲಿ ಎಷ್ಟು ಜನ ಇದನ್ನು ಅನುಭವಿಸಿದ್ದಾರೋ! ಮಂಡಿನೋವಿನ ಬಗ್ಗೆ, ಥೈರಾಯ್ಡ್ ಬಗ್ಗೆ ಠಾಣೆಯಿಂದ ಭಾಯ್ಖಳದವರೆಗೂ ಮಾತಾಡುತ್ತಾರೆ. ಇದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ.

ಗಲೀಜು ಅಂತ ನಿಮಗೆ ನೀವೇ ಹೇಳಿಕೊಂಡು ಆಂಟಿಸೆಪ್ಟಿಕ್ ಹಾಕಿ ತೊಳೆಯುತ್ತಿದ್ದೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಆ ಜಾಗದಲ್ಲಿ ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಕೆಟ್ಟದ್ದನ್ನು ಓಡಿಸಲು ಹೋಗಿ ನೀವು ಅವುಗಳನ್ನೂ ಓಡಿಸುತ್ತಿದ್ದೀರಿ, ಚರ್ಮಕ್ಕೂ ಉರಿ. ಬರೀ ನೀರು ಸಾಕು. ಸ್ಟೇಷನ್ ಟಾಯ್ಲೆಟ್ ಮೇಲಿನ ಅನುಮಾನವೂ ಬೇಡ. ಸೋಂಕು ಸಾಮಾನ್ಯವಾಗಿ ನಮ್ಮ ಮೈಯಿಂದಲೇ ಬರುವುದು, ಕಮೋಡಿನಿಂದ ಹತ್ತಿಕೊಳ್ಳುವುದಲ್ಲ. ಅಲ್ಲಿಗೆ ಹೋಗಬಾರದು ಅಂತ ಗಂಟೆಗಟ್ಟಲೆ ತಡೆದುಕೊಳ್ಳುವುದೇ ಜಾಸ್ತಿ ತೊಂದರೆ.

ಹಾಗಂತ ಆ ಟಾಯ್ಲೆಟ್‌ಗಳು ಚೆನ್ನಾಗಿವೆ ಅಂತ ನಾನು ಹೇಳಲ್ಲ. ಮೂಗು ಮುಚ್ಚಿಕೊಂಡು ಹೋಗಬೇಕು, ಗೊತ್ತು. ಗಂಡಸರಿಗೆ ಪುಕ್ಕಟೆ, ಹೆಂಗಸರ ಹತ್ತಿರ ಮಾತ್ರ ಕಾಸು ಕೀಳುತ್ತಾರೆ ಅಂತಲೇ 2011ರಲ್ಲಿ ಮುಂಬೈಯಲ್ಲಿ ‘ರೈಟ್ ಟು ಪೀ’ (ಮೂತ್ರ ಮಾಡುವ ಹಕ್ಕು) ಚಳವಳಿ ಶುರುವಾಯಿತು. ಲಕ್ಷಗಟ್ಟಲೆ ಹೆಂಗಸರು ಕೆಲಸಕ್ಕೆ ಓಡಾಡುವ ಊರಿದು, ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲ. ಇದರಲ್ಲಿ ನಾಚಿಕೆಪಡಬೇಕಾದವರು ನೀವಾ? ಆಫೀಸಿನ ಕೀಲಿಕೈ ವಿಷಯವೂ ಅಷ್ಟೇ. ತನ್ನ ವ್ಯಾಪ್ತಿಗೆ ಬರುವ ಆಫೀಸುಗಳಲ್ಲಿ ಹೆಂಗಸರಿಗೆ ಶೌಚಾಲಯದ ವ್ಯವಸ್ಥೆ ಇರಬೇಕು ಅಂತ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಜಗಳ ಆಡಿ ಅಂತಲ್ಲ. ‘ಒಂದು ಕೀಲಿಕೈ ನನ್ನ ಡ್ರಾಯರ್‌ನಲ್ಲಿ ಇರಲಿ’ ಅಂತ ಮಾಲೀಕರಿಗೆ ಒಂದು ಸಲ ಗಟ್ಟಿಯಾಗಿ ಹೇಳಿ. ಕಾರಣ ವಿವರಿಸುವ ದರ್ದು ನಿಮಗಿಲ್ಲ.

ಈಗ ಮಾತ್ರೆಯ ವಿಷಯ. ಇಲ್ಲಿ ಸ್ವಲ್ಪ ಬೈಯುತ್ತೇನೆ, ಬೇಜಾರು ಬೇಡ. ಹಳೇ ಚೀಟಿಯ ಮಾತ್ರೆ ಇನ್ನು ಸಾಕು. ಆರು ತಿಂಗಳಲ್ಲಿ 2 ಸಲ, ಇಲ್ಲವೇ ವರ್ಷದಲ್ಲಿ 3 ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಅಂತ ಬೇರೆ ರೀತಿಯಲ್ಲೇ ನೋಡುತ್ತಾರೆ. ನೀವು ಆ ಲೆಕ್ಕ ಯಾವಾಗಲೋ ದಾಟಿದ್ದೀರಿ. ಆದರೆ ಪ್ರತಿ ಸಲವೂ ಹೊಸ ಕಾಯಿಲೆ ಬಂದಂತೆ ಒಬ್ಬರೇ ಮೆಡಿಕಲ್‌ಗೆ ಓಡುತ್ತಿದ್ದೀರಿ. ಅರ್ಧಂಬರ್ಧ ನುಂಗಿದರೆ ಬ್ಯಾಕ್ಟೀರಿಯಾ ಆ ಮಾತ್ರೆಗೆ ಬಗ್ಗದೇ ಹೋಗಬಹುದು. ಮುಂದಿನ ಸಲ ಉರಿ ಶುರುವಾದಾಗ, ಮಾತ್ರೆ ನುಂಗುವ ಮೊದಲು ಯೂರಿನ್ ಕಲ್ಚರ್‌ಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಕೊಡಿ. ಮೊದಲು ಬಂದ ಮೂತ್ರವನ್ನು ಬಿಟ್ಟು ನಡುವಿನದನ್ನು ಡಬ್ಬಿಯಲ್ಲಿ ಹಿಡಿಯಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ. ಉರಿ ಇದ್ದೂ ಕಲ್ಚರ್‌ನಲ್ಲಿ ಏನೂ ಬರದಿದ್ದರೆ ಅದೂ ಒಂದು ಸುಳಿವೇ. ಆಗ ಕಾರಣ ಬೇರೆ ಇರಬಹುದು, ಅದೇ ಆಂಟಿಬಯಾಟಿಕ್ ನುಂಗಿ ಪ್ರಯೋಜನ ಆಗದಿರಬಹುದು. ಎಲ್ಲ ರಿಪೋರ್ಟ್ ಒಂದೇ ಫೈಲಿನಲ್ಲಿಟ್ಟು ಯೂರಾಲಜಿಸ್ಟ್ ಅಥವಾ ಸ್ತ್ರೀರೋಗ ತಜ್ಞರನ್ನು ಕಾಣಿ. ಶುಗರ್ ಟೆಸ್ಟ್, ಬೇಕೆನಿಸಿದರೆ ಸೋನೋಗ್ರಫಿ ಮಾಡಿಸುತ್ತಾರೆ. ಮತ್ತೆ ಮತ್ತೆ ಬರದಂತೆ ತಡೆಯುವ ಔಷಧಿಗಳೂ ಇವೆ. ಗಂಡ ಹೆಂಡತಿ ಸೇರಿದ ಮೇಲೆ ಒಂದೇ ಒಂದು ಮಾತ್ರೆ ತೆಗೆದುಕೊಳ್ಳುವ ಕ್ರಮವೂ ಇದೆ. ವೈದ್ಯರನ್ನು ನೀವಾಗಿಯೇ ಕೇಳಿ. ನಡುವೆ ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಬಂದರೆ ಮಾತ್ರ ಕಾಯಬೇಡಿ. ಸೋಂಕು ಕಿಡ್ನಿಗೆ ಏರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ನೀರಿಗೆ ಹೆದರುವುದನ್ನು ಹೇಗೆ ಬಿಡಿಸಲಿ? ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಸೋಂಕು ಬರುತ್ತಿದ್ದ 140 ಹೆಂಗಸರ ಮೇಲೆ ಒಂದು ಅಧ್ಯಯನ ನಡೆದಿತ್ತು. 2018ರಲ್ಲಿ ಅದು ಪ್ರಕಟವಾಯಿತು. ಅವರಲ್ಲಿ ಅರ್ಧ ಜನ ವರ್ಷವಿಡೀ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದರು. ಅವರಿಗೆ ಸೋಂಕು ಬಂದದ್ದು ಉಳಿದವರಿಗಿಂತ ಅರ್ಧದಷ್ಟು. ನೀವು ಲೋಕಲ್ ಹತ್ತುವ ಮೊದಲೇ ಒಂದು ತಂಬಿಗೆ ಕುಡಿಯಬೇಕಿಲ್ಲ. ಎದ್ದ ಕೂಡಲೇ ಒಂದು ಲೋಟ, ಹೊರಡುವ ಮುಂಚೆ ಒಮ್ಮೆ ಟಾಯ್ಲೆಟ್. ಉಳಿದದ್ದೆಲ್ಲ ಆಫೀಸು ಮುಟ್ಟಿದ ಮೇಲೆ, ಆಮೇಲೆ ಮನೆಗೆ ಬಂದು. ಅತ್ತೆಯ ಜೊತೆ ಉಷ್ಣದ ವಾದ ಬೇಡ. ‘ಹಾಗಾದ್ರೆ ಬಾರ್ಲಿ ನೀರು ಮಾಡಿಕೊಡ್ತೀರಾ ಅತ್ತೆ?’ ಅಂತ ಕೇಳಿ. ಹೊಟ್ಟೆಗೆ ನೀರೂ ಹೋಯಿತು, ಅವರ ಬಾಯಿಗೆ ಕೆಲಸವೂ ತಪ್ಪಿತು!

ಇನ್ನು ನಿಮ್ಮ ಯಜಮಾನರು. ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಹೊಳೆದದ್ದು ಇದು. ಅವರಿಗೆ ಉರಿಯ ಸಂಗತಿ ಗೊತ್ತಿದೆಯೋ ಇಲ್ಲವೋ ನೀವು ಬರೆದೇ ಇಲ್ಲ. ಹೇಳಿಲ್ಲ ಅಂತ ನನ್ನ ಅಂದಾಜು. ಅವರಿಗೆ ಕಾಣುತ್ತಿರುವುದು ಹತ್ತಿರ ಹೋದರೆ ಬಿಗಿಯುವ ಹೆಂಡತಿ ಮಾತ್ರ. ಕಾರಣ ತಿಳಿಯದವರು ತಮಗೆ ತೋಚಿದ್ದನ್ನು ಅಂದುಕೊಳ್ಳುತ್ತಾರೆ. ಅವರ ಸಿಟ್ಟನ್ನು ನಾನು ಸರಿ ಅನ್ನುತ್ತಿಲ್ಲ, ಒಂದು ಮಾತು ಕೇಳಬಹುದಿತ್ತು. ಆದರೂ ಮೊದಲ ಮಾತು ನಿಮ್ಮಿಂದಲೇ ಬರಬೇಕಾಗಬಹುದು.

ರಾತ್ರಿ ಹಾಸಿಗೆಯಲ್ಲಿ ಹೇಳಬೇಡಿ. ಮುಂಬೈ ಮನೆ, ಗೋಡೆಯಾಚೆ ಅತ್ತೆ, ಪಿಸುಪಿಸು ಮಾತಿಗೆ ಅಳು ಸೇರಿದರೆ ಅದು ಜಗಳವೇ ಆಗುತ್ತದೆ. ಭಾನುವಾರ ತರಕಾರಿಗೆ ಅಂತ ಇಬ್ಬರೇ ಹೊರಡಿ. ದಾರಿಯಲ್ಲಿ ನೇರವಾಗಿ ಹೇಳಿ: ‘ರೀ, ನಾನು ಬೇಡ ಅಂದಿದ್ದು ನಿಮ್ಮನ್ನಲ್ಲ, ಆಮೇಲೆ ಬರೋ ಉರೀನ. ಎರಡು ವರ್ಷದಿಂದ ಒಬ್ಬಳೇ ತಡ್ಕೊಂಡಿದ್ದೀನಿ.’ ಅವರಿಂದ ನಿಮಗೆ ಅಂಟಿದ ರೋಗ ಇದಲ್ಲ, ನಿಮ್ಮಿಂದ ಅವರಿಗೆ ಅಂಟುವುದೂ ಅಲ್ಲ, ಅದನ್ನೂ ಸೇರಿಸಿ. ಗಂಡಸರ ತಲೆಯಲ್ಲಿ ಮೊದಲು ಏಳುವ ಅನುಮಾನ ಅದೇ. ಸಾಧ್ಯವಾದರೆ ಡಾಕ್ಟರ್ ಹತ್ತಿರ ಹೋಗುವಾಗ ಕರೆದುಕೊಂಡು ಹೋಗಿ. ಹತ್ತು ಸಲ ನೀವು ಹೇಳಿದ್ದು ನಾಟದಿದ್ದರೂ ಡಾಕ್ಟರ್ ಒಮ್ಮೆ ಹೇಳಿದರೆ ನಾಟುತ್ತದೆ (ಇದು ನನಗೆ ಸಿಟ್ಟು ಬರಿಸುವ ಸಂಗತಿ, ಆದರೂ ನಿಜ). ಚಿಕಿತ್ಸೆ ಒಂದು ಹಂತಕ್ಕೆ ಬರುವವರೆಗೆ ಕೂಡುವ ಆತುರವೂ ಬೇಡ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ ಅದರಿಂದ ಯಾವ ಸೋಂಕೂ ಬರಲ್ಲ. ಮೈ ಬಿಗಿಯುವುದು ನಿಧಾನಕ್ಕೆ ಬಿಡುತ್ತದೆ.

ಕಾರಣವಿಲ್ಲದೆ ಅಳು ಬರುತ್ತದೆ ಅಂದಿರಿ. ಕಾರಣ ಇದೆಯಲ್ಲ. ಎರಡು ವರ್ಷ ನೋವು ತಿಂದು, ಅದನ್ನು ಮುಚ್ಚಿಟ್ಟುಕೊಂಡು, ಮೇಲಿಂದ ಮಾತೂ ಕೇಳಿದವರಿಗೆ ಅಳು ಬರದೆ ಇನ್ನೇನು ಬರುತ್ತದೆ? ಸೋಂಕು ಹೋದ ಮೇಲೂ ಹೆದರಿಕೆ ಸ್ವಲ್ಪ ದಿನ ಉಳಿಯಬಹುದು. ಚೂರು ಒತ್ತಡವಾದರೂ ‘ಮತ್ತೆ ಬಂತಾ’ ಅನ್ನಿಸುತ್ತದೆ. ಆತಂಕದಿಂದಲೇ ಪದೇ ಪದೇ ಹೋಗಬೇಕು ಅನ್ನಿಸುವುದೂ ಉಂಟು. ನಿದ್ದೆ, ಊಟ ಕೆಟ್ಟರೆ, ಅಳು ನಿಲ್ಲದಿದ್ದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ 14416. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮನೆಯಲ್ಲಿ ಆಗದಿದ್ದರೆ ಊಟದ ಹೊತ್ತಿಗೆ ಆಫೀಸಿನಿಂದ ಕೆಳಗಿಳಿದು ಮಾಡಿ. ಕಲ್ಚರ್ ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಏನಂದರು ಅಂತ ನನಗೂ ಬರೆಯಿರಿ.